ಮುಖದ ನಡುಗೆರೆ

ಮನುಷ್ಯನ ಮುಖವು ಎಡಬಲಗಳಲ್ಲಿ ಒಂದೇ ಸಮನಾಗಿರುವುದೆಂಬುದು ಲೋಕದಲ್ಲಿ ರೂಢವಾಗಿರುವ ನಂಬಿಕೆ. ಕಣ್ಣೆರಡು, ಕಿವಿಯೆರಡು, ಕೆನ್ನೆಯೆರಡು. ನಡುವೆ ಮೂಗೊಂದು, ಬಾಯೊಂದು, ಗದ್ದವೊಂದು. ವಿಧಾತನು ನಡುವೆ ನೂಲು ಹಿಡಿದು ಎರಡು ಕಡೆಗೂ ಸಮನಾಗಿ ಹಂಚಿಟ್ಟನೆಂದೇ ನಾವೆಲ್ಲರೂ ಭಾವಿಸಿರುತ್ತೇವೆ. ಆದುದರಿಂದಲೇ ಮನೆಯ ಮಗುವಿನ ಗದ್ದವು ನೂಲೆಳೆಯಷ್ಟು ಪಕ್ಕಕ್ಕೆ ಸರಿದಂತೆ ಕಂಡೊಡನೆ ತಾಯಂದಿರಿಗೆ ಕಳವಳವುಂಟಾಗುತ್ತದೆ. ಹೆಣ್ಣುಮಗುವಾದರಂತೂ ಮುಂದಿನ ಮದುವೆಯ ಚಿಂತೆಯೂ ಆಗಲೇ ಮೊದಲಾಗುತ್ತದೆ. ಈ ಕಳವಳದಲ್ಲಿ ಎಷ್ಟು ಪಾಲು ನಿಷ್ಕಾರಣವಾದುದು, ಎಷ್ಟು ಪಾಲು ಸಕಾರಣವಾದುದು ಎಂಬುದನ್ನು ಗೃಹಸ್ಥರು ತಿಳಿದಿರುವುದು ಲೇಸೆಂದು ತೋರಿದುದರಿಂದ ನಾವು ಈ ಲೇಖನವನ್ನು ಕೈಗೊಂಡಿದ್ದೇವೆ.

ಮುಖವನ್ನು ಅಳೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಪ್ರತಿಮಾಲಕ್ಷಣದಲ್ಲಿ ಮುಖದ ಉದ್ದವನ್ನೂ ಅಗಲವನ್ನೂ ಹನ್ನೆರಡು ಅಂಗುಲವೆಂದು ವಿಧಿಸಿ, ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಗದ್ದಕ್ಕೆ ನಾಲ್ಕು ಎಂದು ಹಂಚಿದ್ದಾನೆ. ಈ ಅಂಗುಲವಾದರೂ ಅಂಗಡಿಯ ಅಳತೆಗೋಲಿನ ಅಂಗುಲವಲ್ಲ. ಆ ವಿಗ್ರಹದ್ದೇ ಆದ ಸ್ವಾಂಗುಲ. ನೇರವಾಗಿ ನಿಂತ ಸಮಭಂಗದ ವಿಗ್ರಹಕ್ಕೆ ನೆತ್ತಿಯಿಂದ ಮೂಗಿನ ತುದಿ, ಗದ್ದ, ಹೊಕ್ಕುಳುಗಳ ನಡುವೆ ಹಾದು ಎರಡು ಪಾದಗಳ ನಡುವೆ ಇಳಿಯುವ ಸೂತ್ರವೊಂದನ್ನು ಶಿಲ್ಪಶಾಸ್ತ್ರಗಳು ಹೇಳುತ್ತವೆ. ಗಾರೆಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡಿನ ದಾರವೇ ಅದು. ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿಗ್ರಾಮದಲ್ಲಿ ಭೋಗನಂದೀಶ್ವರನ ದರ್ಶನಕ್ಕೆ ಹೋದವರು ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳ ಮುಂದೆ ಕೊಂಚ ಹೊತ್ತು ನಿಂತು, ಅಲ್ಲಿನ ಮೂರ್ತಿಗಳ ಮುಖವನ್ನು ಈ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬಹುದು.

ಈಗಿನ ಕಾಲದಲ್ಲಿ ಹಲ್ಲುಗಳ ಸಾಲನ್ನೂ ದವಡೆಗಳ ಹೊಂದಿಕೆಯನ್ನೂ ಸರಿಪಡಿಸುವ ವೈದ್ಯಶಾಖೆಗೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ನಮ್ಮ ಜನ ಇದನ್ನು ಹಲ್ಲಿಗೆ ಕ್ಲಿಪ್ಪು ಹಾಕುವುದೆನ್ನುತ್ತಾರೆ. ಆ ವೈದ್ಯರು ಮೊದಲು ಮಾಡುವುದೂ ಶಿಲ್ಪಿಯ ಕೆಲಸವನ್ನೇ. ರೋಗಿಯನ್ನು ನೇರವಾಗಿ ಕುಳ್ಳಿರಿಸಿ, ಹುಬ್ಬುಗಳ ನಡುವಿನಿಂದ ಗದ್ದದವರೆಗೆ ದಾರವೊಂದನ್ನು ಹಿಡಿದು, ಮೂಗು, ಮೇಲ್ದುಟಿಯ ನಡುತಗ್ಗು, ಬಾಚಿಹಲ್ಲುಗಳ ಸಂದು, ಗದ್ದ ಇವು ಯಾವ ಕಡೆಗೆ ಎಷ್ಟು ಸರಿದಿವೆಯೆಂದು ನೋಡುತ್ತಾರೆ. ತೆಳುವಾದ ಮರದ ಪಟ್ಟಿಯೊಂದನ್ನು ಅಡ್ಡಲಾಗಿ ಕಚ್ಚಿಸಿ, ಅದು ಕಣ್ಣುಗಳ ಗೆರೆಗೆ ಸಮವಾಗಿದೆಯೋ ಒಂದು ಪಕ್ಕಕ್ಕೆ ವಾಲಿದೆಯೋ ಎಂದು ಪರೀಕ್ಷಿಸುತ್ತಾರೆ. ಬೇಕೆನಿಸಿದರೆ ತಲೆಯನ್ನು ಅಲುಗದಂತೆ ನಿಲ್ಲಿಸಿ, ಮುಂದಿನಿಂದಲೂ ಪಕ್ಕದಿಂದಲೂ ಕ್ಷ-ಕಿರಣದ ಚಿತ್ರ ತೆಗೆಯಿಸುತ್ತಾರೆ. ಈ ಕ್ರಮವನ್ನು 1931ರಲ್ಲಿ ಅಮೆರಿಕೆಯ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಎಂಬಿಬ್ಬರು ಬೇರೆಬೇರೆಯಾಗಿ ಪ್ರಕಟಿಸಿದರು. ಈಗ ತಲೆಬುರುಡೆಯನ್ನು ಎಲ್ಲ ಮಗ್ಗುಲುಗಳಿಂದಲೂ ತೋರಿಸುವ ಯಂತ್ರಗಳೂ ಬಂದಿವೆ.

ಹೀಗೆ ಅಳೆದು ನೋಡಿದಾಗ ಕಂಡುಬಂದುದೇನು? 1991ರಲ್ಲಿ ಅಮೆರಿಕೆಯ ಕೆಲವು ವಿದ್ವಾಂಸರು, ಮುಖವು ಅಸಾಧಾರಣ ಸೌಷ್ಠವವುಳ್ಳದ್ದೆಂದು ಆರಿಸಿದ 52 ಮಂದಿಯ ತಲೆಯ ಚಿತ್ರಗಳನ್ನು ಅಳೆದು ನೋಡಿದರು. ಅಂತಹ ಸುಂದರ ಮುಖಗಳಲ್ಲಿಯೂ ಎಲುಬಿನ ವೈಷಮ್ಯವಿದ್ದೇ ಇದ್ದಿತು. ಕೆಳದವಡೆಯಿಂದ ಮೇಲಕ್ಕೆ ಹೋದಂತೆ ಅದು ಕಡಿಮೆಯಾಗುತ್ತಿದ್ದಿತಷ್ಟೆ. 1997ರಲ್ಲಿ ಉತ್ತರ ಕೆರೋಲಿನಾದ ವಿಶ್ವವಿದ್ಯಾಲಯದಲ್ಲಿ ಹಲ್ಲು, ದವಡೆಗಳ ದೋಷಕ್ಕಾಗಿ ಬಂದ ರೋಗಿಗಳ ಲೆಕ್ಕ ತೆಗೆದಾಗ, ನೂರಕ್ಕೆ 34 ಮಂದಿಯಲ್ಲಿ ಕಣ್ಣಿಗೆ ಕಾಣುವಷ್ಟು ವೈಷಮ್ಯವಿದ್ದಿತು. ಅಂಥವರಲ್ಲಿ ಗದ್ದ ಸರಿದಿದ್ದವರು ನೂರಕ್ಕೆ 74, ಮುಖದ ನಡುಭಾಗ ಸರಿದಿದ್ದವರು 36, ಮೇಲ್ಭಾಗ ಸರಿದಿದ್ದವರು 5 ಮಾತ್ರ. ಕೆಳದವಡೆಯು ಕಿವಿಗಳ ಮುಂದಿನ ಎರಡು ಕೀಲುಗಳಿಂದ ತೊಟ್ಟಿಲಿನಂತೆ ತೂಗಿಕೊಂಡಿರುವ ಎಲುಬು. ಎರಡು ಕೀಲುಗಳ ಬೆಳವಣಿಗೆಯಲ್ಲಿ ಹೆಚ್ಚುಕಡಿಮೆಯಾದರೆ ಗದ್ದವು ಅದನ್ನು ತೋರಿಸಿಬಿಡುತ್ತದೆ. ಎಂದಮೇಲೆ, ಸಂಪೂರ್ಣ ಸಮತೆಯುಳ್ಳ ಮುಖವನ್ನು ಶಿಲ್ಪದಲ್ಲಿಯೇ ಹುಡುಕಬೇಕಲ್ಲದೆ ಮನೆಗಳಲ್ಲಿ ಹುಡುಕತಕ್ಕುದಲ್ಲ.

ಅಳತೆಯ ಮಾತು ಹೀಗಾಯಿತು. ಕಣ್ಣಿನ ಮಾತು ಇನ್ನೂ ವಿಚಿತ್ರವಾದುದು. ಹುಟ್ಟಿದಂದಿನಿಂದ ನಾವು ನಮ್ಮ ಮುಖವನ್ನು ಕಾಣುವುದು ಕನ್ನಡಿಯಲ್ಲಿ. ಅಲ್ಲಿ ಎಡವು ಎಡಕ್ಕೂ ಬಲವು ಬಲಕ್ಕೂ ಕಾಣುತ್ತದೆ. ಎದುರಿಗೆ ನಿಂತವರಿಗಾದರೋ ನಮ್ಮ ಎಡವು ಅವರ ಬಲಕ್ಕೆ ಬೀಳುತ್ತದೆ. 1977ರಲ್ಲಿ ಅಮೆರಿಕೆಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಹೆಂಗಸರು ತಮ್ಮ ಛಾಯಾಚಿತ್ರಗಳಲ್ಲಿ ಕನ್ನಡಿಯ ಬಿಂಬದಂತೆ ತಿರುಗಿಸಿದುದನ್ನೇ ಹೆಚ್ಚಾಗಿ ಮೆಚ್ಚಿದರು. ಅವರ ಸ್ನೇಹಿತೆಯರು ತಿರುಗಿಸದೆ ಇದ್ದುದನ್ನು ಮೆಚ್ಚಿದರು. ಮುಖ ಒಂದೇ, ಪರಿಚಯ ಬೇರೆ. ಚಿಂತಾಮಣಿಯ ಕಡೆಯ ನಮ್ಮ ಪರಿಚಿತರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಫೋಟೋ ಕಳುಹಿಸಬೇಕಾಗಿದ್ದಿತು. ಹುಡುಗಿಯು ಮೊಬೈಲಿನಲ್ಲಿ ತೆಗೆದ ತನ್ನ ಚಿತ್ರವನ್ನು ನೋಡಿ, “ಅಮ್ಮಾ, ನನ್ನ ಬಾಯಿ ಸೊಟ್ಟಗಿದೆ, ಇದನ್ನು ಕಳಿಸಬೇಡಿ” ಎಂದು ಅತ್ತಳಂತೆ. ದಂತವೈದ್ಯರು ಅಳೆದಾಗ ಎರಡು ಮಿಲಿಮೀಟರೂ ಪೂರ್ತಿಯಾಗಿರಲಿಲ್ಲ. ಕನ್ನಡಿಯಲ್ಲಿ ಇಪ್ಪತ್ತು ವರ್ಷ ಕಂಡು ಒಗ್ಗಿಹೋದ ಓರೆಯು ಚಿತ್ರದಲ್ಲಿ ಇನ್ನೊಂದು ಪಕ್ಕಕ್ಕೆ ತಿರುಗಿ ಕಂಡುದೇ ಆಕೆಯ ದುಃಖಕ್ಕೆ ಕಾರಣ. ಮೊಬೈಲನ್ನು ಮುಖಕ್ಕೆ ತೀರ ಸಮೀಪದಲ್ಲಿ ಹಿಡಿದರೆ ಮೂಗು ದೊಡ್ಡದಾಗಿ ತೋರುವುದೆಂಬುದನ್ನೂ, ತಲೆ ಕೊಂಚ ತಿರುಗಿದರೂ ಒಂದು ಕೆನ್ನೆ ಕಿರಿದಾಗಿ ತೋರುವುದೆಂಬುದನ್ನೂ ವಧೂವರರ ತಂದೆತಾಯಿಗಳು ಮರೆಯಬಾರದು.

ಕಣ್ಣಿನ ತೀಕ್ಷ್ಣತೆ ಅಭ್ಯಾಸದಿಂದ ಬರುವುದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಸ್ಥ ರೀಲರು ಗೂಡಿನ ರಾಶಿಗೆ ಒಮ್ಮೆ ಕೈಯಿಟ್ಟು, ಒಂದೆರಡನ್ನು ಅಲುಗಿಸಿ ಕಿವಿಗೊಟ್ಟು, ಬೆಲೆಯನ್ನು ಮನಸ್ಸಿನಲ್ಲಿ ಕಟ್ಟಿಬಿಡುತ್ತಾರೆ. ನಮಗೆ ಅಲ್ಲಿ ಎಲ್ಲ ಗೂಡುಗಳೂ ಒಂದೇ. ಹಲ್ಲಿನ ವಿಷಯವೂ ಹೀಗೆಯೇ. 1999ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನಗುಮುಖದ ಚಿತ್ರಗಳಲ್ಲಿ ಮೇಲಿನ ಬಾಚಿಹಲ್ಲುಗಳ ಸಂದನ್ನು ಸ್ವಲ್ಪಸ್ವಲ್ಪವಾಗಿ ಪಕ್ಕಕ್ಕೆ ಸರಿಸಿ ತೋರಿಸಿದರು. 4 ಮಿಲಿಮೀಟರ್ ಸರಿದ ಮೇಲೆ ಆರ್ಥೊಡಾಂಟಿಕ್ಸ್ ತಜ್ಞರಿಗೆ ಅದು ಕಂಡಿತು. ಸಾಮಾನ್ಯ ಜನರು ಆಗಲೂ ಗುರುತಿಸಲಿಲ್ಲ. ಅದೇ ಹಲ್ಲುಗಳನ್ನು ಬೇಲಿಯ ಗೂಟದಂತೆ ಓರೆಯಾಗಿ ವಾಲಿಸಿದಾಗ 2 ಮಿಲಿಮೀಟರಿಗೇ ಜನರ ಕಣ್ಣಿಗೆ ಬಿದ್ದಿತು. ಸರಿದುದನ್ನು ಕಣ್ಣು ಕ್ಷಮಿಸುತ್ತದೆ, ವಾಲಿದುದನ್ನು ಕ್ಷಮಿಸದು.

ಹಾಗಾದರೆ ಯಾವುದಕ್ಕೂ ಚಿಂತಿಸಬೇಕಾಗಿಲ್ಲವೇ ಎಂದರೆ, ಹಾಗಲ್ಲ. ಮನೆಯವರ ಕಣ್ಣು ನಿರಪಾಯವಾದ ಓರೆಯನ್ನು ದೊಡ್ಡದು ಮಾಡಿ, ಅಪಾಯದ ಓರೆಯನ್ನು ಬಿಟ್ಟುಬಿಡುವುದುಂಟು. ಏಳೆಂಟು ವರ್ಷದ ಮಗುವನ್ನು ಹಗಲು ಬೆಳಕಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು, ಮೊದಲು ಬಾಯನ್ನು ಅಗಲವಾಗಿ ತೆರೆಯಿಸಿ, ಅನಂತರ ಮೆಲ್ಲಗೆ ಹಲ್ಲು ಕೂಡುವಂತೆ ಮುಚ್ಚಿಸಿ ನೋಡಿರಿ. ತೆರೆದಾಗ ನಡುವಿನಲ್ಲಿದ್ದ ಗದ್ದವು ಹಲ್ಲು ಕೂಡುವ ಕ್ಷಣದಲ್ಲಿ ಒಂದು ಪಕ್ಕಕ್ಕೆ ಜಾರಿದರೆ, ದೋಷವು ಬಹುಶಃ ಎಲುಬಿನದಲ್ಲ, ಹಲ್ಲಿನ ಹೊಂದಿಕೆಯದು. ಬೆರಳು ಚೀಪುವುದೇ ಮೊದಲಾದ ಕಾರಣಗಳಿಂದ ಮೇಲಿನ ದವಡೆ ಇಕ್ಕಟ್ಟಾದರೆ, ಮೇಲಿನ ದವಡೆಹಲ್ಲುಗಳು ಕೆಳಗಿನವನ್ನು ಹೊರಗಿನಿಂದ ಮುಚ್ಚಿಕೊಳ್ಳುವ ಬದಲು ತುದಿಗೆ ತುದಿ ತಾಕುತ್ತವೆ. ಅಗಿಯಲು ಹಿತವಾದ ಎಡೆಯನ್ನು ಹುಡುಕಿಕೊಂಡು ಮಗುವು ತನಗೆ ತಿಳಿಯದೆಯೇ ದವಡೆಯನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಅಂಗುಳಿನ ಎರಡು ಹೋಳುಗಳೂ ಗಟ್ಟಿಯಾಗಿ ಬೆಸೆದಿರುವುದಿಲ್ಲವಾದುದರಿಂದ, ತಿರುಪುಳ್ಳ ಸಾಧನವನ್ನು ಒಳಗೆ ಕೂರಿಸಿ ದವಡೆಯನ್ನು ಅಗಲಿಸಬಹುದು. ವೈದ್ಯರು ಹೇಳಿದ ದಿನಗಳಲ್ಲಿ ತಾಯಿಯೇ ಮನೆಯಲ್ಲಿ ಸಣ್ಣ ಕೀಲಿಯಿಂದ ತಿರುಪನ್ನು ಕಾಲು ಸುತ್ತು ತಿರುಗಿಸುವುದು. ಒಂದು ಸಲಕ್ಕೆ ಸುಮಾರು ಕಾಲು ಮಿಲಿಮೀಟರ್. ಪ್ರಾಯ ಬಂದ ಮೇಲೆ ಇದು ಅಷ್ಟು ಸುಲಭವಲ್ಲ.

ಎರಡನೆಯದು ಬಿದ್ದ ಪೆಟ್ಟು. ಇದನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. ಗೌರಿಬಿದನೂರಿನ ಕಡೆಯ ಹಳ್ಳಿಯೊಂದರ ಹುಡುಗನು ಹುಣಸೆಮರದಿಂದ ಗದ್ದ ಕೆಳಗಾಗಿ ಬಿದ್ದನು. ಗದ್ದದ ಚರ್ಮ ಸೀಳಿದುದಕ್ಕೆ ಹೊಲಿಗೆ ಹಾಕಿದರು, ಗಾಯ ಮಾಯಿತು, ಎಲ್ಲರೂ ಮರೆತರು. ವರ್ಷ ಕಳೆದಂತೆ ಅವನಿಗೆ ಮುದ್ದೆಯ ತುತ್ತು ಬಾಯಿಗೆ ಹಿಡಿಸದಾಯಿತು. ಗದ್ದ ಒಂದು ಪಕ್ಕಕ್ಕೆ ಸರಿಯುತ್ತ ಬಂದಿತು. ಓರಗೆಯ ಮಕ್ಕಳು ಅವನನ್ನು ‘ಸೊಟ್ಟಮೂತಿ’ ಎಂದು ಕರೆಯುತ್ತಿದ್ದರು. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಎಲುಬಿನಲ್ಲಿ ಸಾಗಿ ಕಿವಿಯ ಮುಂದಿನ ಕೀಲನ್ನು ಮುರಿಯಬಲ್ಲುದು. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಕೂಡಿಕೊಂಡು ಮೊದಲಿನಂತೆ ಬೆಳೆಯುತ್ತದೆ. ಕೆಲವರಲ್ಲಿ ಮಾತ್ರ ಕೀಲು ಬಿಗಿದುಕೊಂಡು, ಆ ಪಕ್ಕದ ಬೆಳವಣಿಗೆ ಕುಂಠಿತವಾಗಿ, ಗದ್ದವು ಪೆಟ್ಟಾದ ಪಕ್ಕಕ್ಕೇ ತಿರುಗುತ್ತದೆ. ಆದುದರಿಂದ ಗದ್ದಕ್ಕೆ ಪೆಟ್ಟಾದ ಮಗುವಿನ ಹೊಲಿಗೆಯನ್ನು ಮಾತ್ರ ನೋಡಿ ಸುಮ್ಮನಾಗದೆ ಕೀಲನ್ನೂ ಪರೀಕ್ಷಿಸಿಸಬೇಕು. ಮುಂದೆಯೂ ತಿಂಗಳಿಗೊಮ್ಮೆ ಬಾಯಿ ತೆರೆಯಿಸಿ, ಅದರದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಬಾಚಿಹಲ್ಲುಗಳ ನಡುವೆ ಹಿಡಿಸುವುದೇ ಎಂದು ನೋಡತಕ್ಕುದು. ಇಲ್ಲಿಯೂ ಸ್ವಾಂಗುಲವೇ ಪ್ರಮಾಣವಾಗಿರುವುದು ನಮಗೆ ಸಂತೋಷವನ್ನುಂಟುಮಾಡಿದೆ. ಬರಬರುತ್ತ ಎರಡೇ ಬೆರಳು ಹಿಡಿಸುವಂತಾದರೆ ತಡಮಾಡದೆ ತಜ್ಞರಲ್ಲಿಗೆ ಹೋಗಬೇಕು. ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತವೈದ್ಯ ಕಾಲೇಜಿಗೆ ನಮ್ಮ ಸೀಮೆಯಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ಆ ಹುಡುಗನ ಕೀಲನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿದರು. ಆಮೇಲೆ ತಿಂಗಳುಗಟ್ಟಲೆ ದಿನವೂ ಬಾಯಿ ತೆರೆಯುವ ಅಭ್ಯಾಸವನ್ನು ಅವನ ತಾಯಿ ಹಟಹಿಡಿದು ಮಾಡಿಸಿದಳು. ಈಗ ಊಟಕ್ಕೆ ತೊಂದರೆಯಿಲ್ಲ. ಗದ್ದದ ಓರೆ ಪೂರ್ತಿ ಹೋಗಿಲ್ಲ.

ಹದಿಹರೆಯದಲ್ಲಿಯೋ ಅದು ಕಳೆದ ಮೇಲೋ ಒಂದು ಪಕ್ಕದ ಕೀಲು ಮಿತಿಮೀರಿ ಬೆಳೆದು ಗದ್ದವನ್ನು ಇನ್ನೊಂದು ಪಕ್ಕಕ್ಕೆ ತಳ್ಳುವುದೂ ಉಂಟು. ಇದು ಅಪರೂಪ. ಇಂತಹ ಕಡೆ ಒಂದು ದಿನದ ಅಳತೆಗಿಂತ ವರ್ಷವರ್ಷದ ಅಳತೆಯೇ ಮುಖ್ಯ; ಆದುದರಿಂದ ಹುಟ್ಟುಹಬ್ಬಗಳಲ್ಲಿ ತೆಗೆದ, ನೇರವಾಗಿ ಎದುರಿಗೆ ನೋಡುತ್ತಿರುವ ಹಳೆಯ ಚಿತ್ರಗಳನ್ನು ವೈದ್ಯರಲ್ಲಿಗೆ ಒಯ್ಯುವುದು ಉಪಯುಕ್ತ. ಓರೆಯು ಹಿಂದಿನಿಂದಲೂ ಇದ್ದಷ್ಟೇ ಇದೆಯೋ ಬೆಳೆಯುತ್ತಿದೆಯೋ ಎಂಬುದು ಅವುಗಳಿಂದ ಗೊತ್ತಾಗುತ್ತದೆ.

ಇದುವರೆಗೆ ಹೇಳಿದುದೆಲ್ಲ ತಿಂಗಳುಗಳಲ್ಲಿ, ವರ್ಷಗಳಲ್ಲಿ ಕಾಣಿಸಿಕೊಳ್ಳುವ ಓರೆಯ ಮಾತು. ನಿನ್ನೆಯವರೆಗೆ ಸರಿಯಿದ್ದ ಮುಖವು ಇಂದು ಇದ್ದಕ್ಕಿದ್ದಂತೆ ಒಂದು ಕಡೆಗೆ ಜೋತುಬಿದ್ದರೆ, ಬಾಯ ಮೂಲೆಯಿಂದ ನೀರು ಸೋರಿದರೆ, ಮಾತು ತೊದಲಿದರೆ ಅಥವಾ ಕೈ ಸೋತರೆ, ಅದು ಹಲ್ಲಿನ ವೈದ್ಯರ ವಿಷಯವಲ್ಲ. ಗಾಳಿ ಬಡಿಯಿತೆಂದು ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳದೆ, ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.