ಮರದ ಹಳಿಯ ಮುನಿಸು

ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಾಣದವರಾರು? ಅಂಥದೇ ಮರದಿಂದ ೧೬೧ ಅಡಿ ಎತ್ತರದ ಏರಿಳಿತದ ಹಳಿಯನ್ನು ಕಟ್ಟಿ, ಜನ ತುಂಬಿದ ಗಾಡಿಯನ್ನು ಅದರ ಮೇಲಿನಿಂದ ಜಾರಬಿಟ್ಟರೆ ಏನಾದೀತು?

ಅಮೆರಿಕದ ಒಹಾಯೊ ಸಂಸ್ಥಾನದ ಸೀಡರ್ ಪಾಯಿಂಟ್ ಎಂಬ ವಿನೋದೋದ್ಯಾನದವರು ೧೯೯೧ರಲ್ಲಿ ಈ ಸಾಹಸವನ್ನೇ ಮಾಡಿದರು. ಆ ರೋಲರ್ ಕೋಸ್ಟರಿಗೆ ಅವರಿಟ್ಟ ಹೆಸರು ‘ಮೀನ್ ಸ್ಟ್ರೀಕ್’. ಇಂಥ ಹಳಿಯೆಂದರೆ ಹಲಗೆಯ ಮೇಲೆ ಹಲಗೆ ಜೋಡಿಸಿ, ಮೇಲೊಂದು ತೆಳುವಾದ ಉಕ್ಕಿನ ಪಟ್ಟಿಯನ್ನು ಬಿಗಿದದ್ದು. ಮಳೆಗೆ ಮರ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗಾಡಿ ಓಡಿದಂತೆಲ್ಲ ಬೋಲ್ಟುಗಳು ಸಡಿಲುತ್ತವೆ. ಬಡಗಿಗಳು ದಿನವೂ ಹಳಿಯುದ್ದಕ್ಕೂ ನಡೆದು ನೋಡಬೇಕು, ಬಿಗಿಯಬೇಕು, ಸವೆದ ಹಲಗೆಯನ್ನು ಕಿತ್ತು ಹೊಸದನ್ನು ಕೂರಿಸಬೇಕು. ಈ ಉಪಚಾರಕ್ಕೆ ಕೊನೆಯಿಲ್ಲ, ಖರ್ಚಿಗೂ ಇಲ್ಲ. ಇಷ್ಟಾದರೂ ಮೀನ್ ಸ್ಟ್ರೀಕ್ ಹೆಸರಾದದ್ದು ತನ್ನ ಕುಲುಕಾಟಕ್ಕೆ! ೨೦೧೬ರಲ್ಲಿ ಅದನ್ನು ಮುಚ್ಚಿದರು. ಮರದ ಕಂಬಗಳಲ್ಲಿ ಬಹುಪಾಲನ್ನು ಉಳಿಸಿಕೊಂಡು, ಉಕ್ಕಿನ ಹಳಿ ಹಾಸಿ, ೨೦೫ ಅಡಿಗೆ ಏರಿಸಿ, ೨೦೧೮ರಲ್ಲಿ ‘ಸ್ಟೀಲ್ ವೆಂಜನ್ಸ್’ ಎಂಬ ಹೊಸ ಹೆಸರಿನಿಂದ ತೆರೆದರು.

ಈ ಲೆಕ್ಕವನ್ನು ಬಲ್ಲ ಹಲವು ಉದ್ಯಾನಗಳು ಮರದ ಗೊಡವೆಗೇ ಹೋಗದೆ ಮೊದಲಿಗೇ ಉಕ್ಕನ್ನು ಆರಿಸುತ್ತವೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ತಪ್ಪೆನ್ನುವಂತಿಲ್ಲ.

ಆದರೆ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ೧೯೨೭ರ ‘ಸೈಕ್ಲೋನ್’ ಕಡಲಗಾಳಿಗೆ ಮೈಯೊಡ್ಡಿ ಇನ್ನೂ ಓಡುತ್ತಿದೆ. ಅಲ್ಲಿಯದು ತಲೆಕೆಳಗಾದ ಕಥೆ: ಕಂಬಗಳು ಉಕ್ಕಿನವು, ಹಳಿ ಮಾತ್ರ ಮರದ್ದು. ಗಾಡಿ ಹಾಯುವಾಗ ಆ ಹಳಿ ತುಸು ಬಾಗುತ್ತದೆ, ಕಿರುಗುಟ್ಟುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಉಕ್ಕು ಕೊಡಲಾರದ ಆ ಅಲುಗಾಟಕ್ಕೆಂದೇ ಸಾಲುಗಟ್ಟಿ ನಿಲ್ಲುವವರು ಇಂದಿಗೂ ಉಂಟು.