ಮೂರು ಸಲ ಹರಾಜಾದ ಕುಂಬಳಕಾಯಿ

"800 ಒಂದು ಸಲ... 800 ಎರಡು ಸಲ... ಮುಂದೆ ಯಾರಾದ್ರೂ ಇದ್ದೀರಾ?"

ಮಾರ್ಕೆಟ್‌ನಲ್ಲಿ ನೂರು ರೂಪಾಯಿಯೂ ಆಗದ ಸಿಹಿಗುಂಬಳ ಅದು. 800ಕ್ಕೆ ಕೊಂಡ ಅಂಕಲ್ ಅದನ್ನ ಕಾರಿಗೆ ಹಾಕ್ಕೊಳ್ಳಲಿಲ್ಲ. "ಮತ್ತೊಂದ್ಸಲ ಕೂಗಿ" ಅಂತ ಮೇಜಿನ ಮೇಲೆ ವಾಪಸ್ ಇಟ್ಟರು. ಎರಡನೇ ಸಲ ಕೊಂಡ ಆಂಟಿಯೂ ಹಾಗೇ ಮಾಡಿದರು. ಮೂರನೇ ಸಲ ಕೂಗೋ ಹೊತ್ತಿಗೆ ಅಂಗಳದ ತುಂಬಾ ನಗು. ಚರ್ಚ್ ಅಂದ್ರೆ ಗಂಭೀರವಾಗಿ ಕೂತು ಪ್ರಸಂಗ ಕೇಳೋ ಜಾಗ ಅಂದ್ಕೊಂಡಿರೋ ಗೆಳೆಯರನ್ನ ಒಮ್ಮೆ ಬೆಳೆ ಹಬ್ಬಕ್ಕೆ ಕರ್ಕೊಂಡು ಹೋಗ್ಬೇಕು ಅಂತ ನನಗೆ ಆಸೆ.

ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ ಚರ್ಚುಗಳಲ್ಲಿ ವರ್ಷಕ್ಕೊಮ್ಮೆ ನಡೆಯೋ ಹಬ್ಬ ಇದು. ಕೆಲವರು ಸುಗ್ಗಿ ಹಬ್ಬ ಅಂತಾರೆ. ಹೊಲ-ತೋಟದ ಫಲವನ್ನ ದೇವರಿಗೆ ಕಾಣಿಕೆಯಾಗಿ ತರೋದು ಪದ್ಧತಿ. ಭತ್ತ, ಬಾಳೆಗೊನೆ, ತೆಂಗಿನಕಾಯಿ, ಕೆಲವೊಮ್ಮೆ ಕಾಲು ಕಟ್ಟಿದ ನಾಟಿ ಕೋಳಿಯೂ ಬರುತ್ತೆ. ಆರಾಧನೆ ಮುಗಿದ ಮೇಲೆ ಹರಾಜು, ಬಂದ ದುಡ್ಡು ಸಭೆಯ ಕೆಲಸಕ್ಕೆ. ಬೆಂಗಳೂರಲ್ಲಿ ಬೆಳೆ ಎಲ್ಲಿಂದ ಬರ್ಬೇಕು ಹೇಳಿ? ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕೊಂಡಿದ್ದು, ಬಾಲ್ಕನಿ ಕುಂಡದ ನಾಲ್ಕು ಟೊಮ್ಯಾಟೊ, ಮನೇಲಿ ಮಾಡಿದ ಕೇಕು, ಉಪ್ಪಿನಕಾಯಿ. ಅದೇ ನಮ್ಮ ಬೆಳೆ.

ಎರಡು ವರ್ಷದ ಹಿಂದಿನ ಆ ಹಬ್ಬಕ್ಕೆ ನಾನು ಬರಿಗೈಲಿ ಹೋಗಿದ್ದೆ. ಕೆಲಸ ಹೋಗಿ ಏಳು ವಾರ ಆಗಿತ್ತು. ಹದಿನೈದು ನಿಮಿಷದ ವಿಡಿಯೋ ಕಾಲ್, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್, ಅಷ್ಟೇ. ಊರಲ್ಲಿ ಅಮ್ಮನಿಗೂ ಹೇಳಿರಲಿಲ್ಲ. ಚರ್ಚಿಗಂತೂ ಹೋಗೋದೇ ಬಿಟ್ಟಿದ್ದೆ. ಆರಾಧನೆ ಮುಗಿದ ತಕ್ಷಣ ಯಾರಾದರೊಬ್ಬರು "ಏನಪ್ಪ, ಆಫೀಸೆಲ್ಲ ಹೇಗಿದೆ?" ಅಂತ ಕೇಳೇ ಕೇಳ್ತಾರಲ್ಲ, ಆ ಪ್ರಶ್ನೆಯ ಭಯ. ಕೋವಿಡ್ ಕಾಲದಿಂದ ಲೈವ್ ಇದ್ದೇ ಇತ್ತು. ಹಾಸಿಗೆ ಮೇಲೆ ಮಲಗಿ ಆರಾಧನೆ ನೋಡ್ತಿದ್ದೆ, ಪ್ರಸಂಗ ಉದ್ದ ಆದ್ರೆ 1.5 ಸ್ಪೀಡ್‌ಗೆ ಹಾಕ್ತಿದ್ದೆ. ಫೋನಲ್ಲಿ ಎಲ್ಲ ಸಿಗ್ತಿತ್ತು. ನಾನು ಬಂದಿಲ್ಲ ಅಂತ ಫೋನಿಗೆ ಗೊತ್ತಾಗ್ತಿರಲಿಲ್ಲ, ಅಷ್ಟೇ.

ಅವತ್ತು ಹೋಗಿದ್ದೂ ಅಮ್ಮ ಊರಿಂದ ಫೋನ್ ಮಾಡಿ ಪೀಡಿಸಿದ್ದಕ್ಕೆ. ಶಾಮಿಯಾನದ ಕಂಬಕ್ಕೆ ಒರಗಿ ಹಿಂದೆ ನಿಂತಿದ್ದೆ. ಹರಾಜು ಕೂಗ್ತಿದ್ದವರಿಗೆ ಕಣ್ಣಿಗೆ ಬಿದ್ದೆ. ಮೈಕಿನಲ್ಲೇ, "ಓ ಸಾಫ್ಟ್‌ವೇರ್! ಹಿಂದೆ ಯಾಕೆ ಅಡಗಿದ್ದೀಯ? ಕುಂಬಳಕಾಯಿಗೆ ಸಾವಿರ ಹೇಳಪ್ಪ!" ಎಲ್ಲರೂ ತಿರುಗಿ ನೋಡಿದ್ರು. ನಾನು ನಕ್ಕು, ಅಡುಗೆ ಶೆಡ್ ಕಡೆ ಜಾರಿಕೊಂಡೆ.

ಹರಾಜಿನಲ್ಲಿ ದೊಡ್ಡಸ್ತಿಕೆ ಇಲ್ಲ ಅಂತ ನಾನು ಹೇಳಲ್ಲ. ಯಾರು ಎಷ್ಟಕ್ಕೆ ಕೂಗಿದ್ರು ಅನ್ನೋದು ಮುಂದಿನ ವರ್ಷದವರೆಗೂ ಮಾತಾಗುತ್ತೆ. ಕೂಗಲಾರದವರು ಹಿಂದಿನ ಸಾಲಿನ ಕುರ್ಚಿ ಹುಡುಕ್ತಾರೆ. ಅದು ನಮ್ಮ ಸಭೆಗಳ ನಿಜವಾದ ಕೊರತೆ.

ಈ ಹಬ್ಬದ ಬೇರು ಬೈಬಲ್‌ನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ಮೊದಲ ಫಲವನ್ನ ಪುಟ್ಟಿಯಲ್ಲಿ ತಂದಿಟ್ಟು, ನಮ್ಮ ಹಿರಿಯರು ನೆಲೆಯಿಲ್ಲದೆ ಅಲೆದವರು, ಐಗುಪ್ತದಲ್ಲಿ ದುಡಿದು ಕಷ್ಟಪಟ್ಟವರು ಅಂತ ಎಲ್ಲರ ಮುಂದೆ ಹೇಳಬೇಕು. ಆಮೇಲೆ ಸಂತೋಷಪಡಬೇಕು. ಯಾರ ಜೊತೆ? ಪಾಲಿಗೆ ಹೊಲವೇ ಬಾರದ ಲೇವಿಯರ ಜೊತೆ, ನಡುವೆ ಬಂದು ನೆಲೆಸಿದ ಪರದೇಶದವರ ಜೊತೆ. ಅಂದ್ರೆ ಬೆಳೆ ಇಲ್ಲದವನೂ ಅತಿಥಿಗಳ ಪಟ್ಟಿಯಲ್ಲೇ ಇದ್ದಾನೆ. ಇದನ್ನ ನಾನು ಓದಿದ್ದು ತುಂಬಾ ಆಮೇಲೆ.

ಅವತ್ತು ಶೆಡ್ಡಲ್ಲಿ ಇದ್ದಿದ್ದು ಎರಡು ದೊಡ್ಡ ಬಿರಿಯಾನಿ ಡಬರಿ ಮತ್ತು ಮೊದಲು ಕುಂಬಳಕಾಯಿ ಕೊಂಡ ಅದೇ ಅಂಕಲ್. ಪ್ಯಾಂಟ್ ಮಡಚಿ, ತೆಂಗಿನ ನಾರು ಹಿಡಿದು ತಳ ಉಜ್ಜುತ್ತಿದ್ದರು. "ನೀರು ಹಾಕು ಬಾ" ಅಂದ್ರು. ಹಾಕಿದೆ. ಮಧ್ಯದಲ್ಲಿ ಯಾಕೋ ಬಾಯಿಗೆ ಬಂತು, ಹೇಳಿಬಿಟ್ಟೆ. ಅವರು ಉಪದೇಶ ಮಾಡಲಿಲ್ಲ, ತಕ್ಷಣ ಪ್ರಾರ್ಥನೆಯನ್ನೂ ಮಾಡಲಿಲ್ಲ. "ಬಾಡಿಗೆ ಎಷ್ಟು ತಿಂಗಳದು ಕೈಯಲ್ಲಿದೆ?" ಅಂತ ಕೇಳಿದ್ರು. ಏಳು ವಾರದಲ್ಲಿ ಅದನ್ನ ಕೇಳಿದ ಮೊದಲ ಮನುಷ್ಯ ಅವರು.

ನಮ್ಮ ಕನ್ನಡ ಬೈಬಲ್‌ನಲ್ಲಿ 'ಅನ್ಯೋನ್ಯತೆ' ಅನ್ನೋ ಪದ ಇದೆ. ಹೊರಗಡೆ ಅದನ್ನ ಹೆಚ್ಚಾಗಿ ಗಂಡ-ಹೆಂಡತಿ ಬಗ್ಗೆ ಹೇಳ್ತೀವಿ. ಮೂಲ ಗ್ರೀಕ್ ಪದ ಕೊಯಿನೋನಿಯಾ, ಪಾಲುದಾರಿಕೆ ಅಂತ ಅರ್ಥ. ಯಾಕೋಬ, ಯೋಹಾನರು ಸೀಮೋನನ ಮೀನುಗಾರಿಕೆಯಲ್ಲಿ ಪಾಲುಗಾರರು ಅಂತ ಲೂಕ ಬರೆಯುವಾಗ ಬಳಸೋದು ಇದೇ ಬೇರಿನ ಪದ. ಪೌಲನಂತೂ ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣಕ್ಕೇ ಕೊಯಿನೋನಿಯಾ ಅಂತ ಕರೀತಾನೆ. ಕೈ ಕುಲುಕಿ ನಗೋದಷ್ಟೇ ಅಲ್ಲ, ಬಾಡಿಗೆ ವಿಚಾರಿಸೋದೂ ಅದರಲ್ಲಿ ಬರುತ್ತೆ ಅಂತಾಯ್ತು.

ಕರಾವಳಿಯವನಾದ ನನಗೆ ಇದು ಹೊಸದಾಗಿ ಕಾಣಬಾರದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ನೇಯ್ಗೆ, ಮುದ್ರಣ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಅಂತ ಶುರು ಮಾಡಿದ್ದಕ್ಕೆ ಒಂದು ಮುಖ್ಯ ಕಾರಣ, ಕ್ರೈಸ್ತರಾದ ಮೇಲೆ ಮನೆ, ಕುಲಕಸುಬು ಎರಡನ್ನೂ ಕಳ್ಕೊಂಡ ಜನ. ಒಟ್ಟಿಗೆ ಹಾಡಿದ್ರೆ ಹೊಟ್ಟೆ ತುಂಬಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಊರಿನ ನಮ್ಮ ಮನೆ ಮಾಡಿಗೂ ಹೆಂಚೇ. ಅದರ ಕೆಳಗೆ ಬೆಳೆದೂ ನಾನು ಇದನ್ನ ಯೋಚಿಸಿರಲಿಲ್ಲ.

ಸಭೆಯವರು ನನಗೆ ಕೆಲಸ ಕೊಡಿಸಲಿಲ್ಲ. ಮೂವರು ರೆಸ್ಯೂಮೆ ತಗೊಂಡ್ರು, ಏನೂ ಆಗ್ಲಿಲ್ಲ. ನಾಲ್ಕು ತಿಂಗಳಿಗೆ ಹಳೇ ಸಹೋದ್ಯೋಗಿಯೊಬ್ಬನಿಂದ ಕೆಲಸ ಸಿಕ್ತು. ಆದ್ರೆ ಆ ವಾರದ ಮನೆ ಪ್ರಾರ್ಥನಾ ಕೂಟ ನನ್ನ ಒಂದೇ ರೂಮಿನ ಮನೇಲಿ ಅಂತ ಅಂಕಲ್ ಹೇಳಿಬಿಟ್ಟಿದ್ರು, ನನ್ನ ಕೇಳದೇನೇ. ಹದಿನಾಲ್ಕು ಜನ ಬಂದ್ರು. ಇದ್ದಿದ್ದು ಎರಡು ಕುರ್ಚಿ. ಆಂಟಿಯೊಬ್ಬರು ಮನೆಯಿಂದಲೇ ಫ್ಲಾಸ್ಕಲ್ಲಿ ಕಾಫಿ, ಡಬ್ಬಿಯಲ್ಲಿ ಉಪ್ಪಿಟ್ಟು ತಂದಿದ್ರು. ಸಂಗೀತ ಶುರುವಾದ ಮೇಲೆ ಕೆಳಗಿನ ಓನರ್ ಆಂಟಿ ಹತ್ತಿ ಬಂದು, "ಏನಪ್ಪ, ನಿಶ್ಚಿತಾರ್ಥನಾ?" ಅಂದ್ರು. ಅವರಿಗೂ ಉಪ್ಪಿಟ್ಟು ಸಿಕ್ತು. ಆ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ.

ಕಳೆದ ವರ್ಷದ ಹಬ್ಬಕ್ಕೆ ಬಾಲ್ಕನಿಯಲ್ಲಿ ಬೆಳೆದ ಹತ್ತು ಹಸಿಮೆಣಸಿನಕಾಯಿ ಒಯ್ದಿದ್ದೆ. ಅಂಕಲ್ 300ಕ್ಕೆ ಕೊಂಡು, "ಮತ್ತೊಂದ್ಸಲ ಕೂಗಿ" ಅಂದ್ರು. ಕೊನೆಗೆ ನನ್ನ ಮೆಣಸಿನಕಾಯಿಯನ್ನ ನಾನೇ 450ಕ್ಕೆ ಕೊಂಡೆ. ಮಾರನೇ ದಿನ ಚಿತ್ರಾನ್ನಕ್ಕೆ ಹಾಕಿದ್ರೆ, ಒಂಚೂರೂ ಖಾರ ಇರಲಿಲ್ಲ.