ಹಳೆಯ ಕಾರಿನೊಳಗೆ ಮಳೆಯ ನೀರು: ಮೂಲವನ್ನು ಹುಡುಕುವ ಬಗೆ

ಪುಣೆಗೆ ಮುಂಗಾರು ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದಲ್ಲಿ ಕಾಲಿಡುತ್ತದೆ. ಅದರ ಬೆನ್ನಲ್ಲೇ, ಸೊಸೈಟಿಯ ಅಂಗಳದಲ್ಲಿ ಮರದಡಿ ನಿಲ್ಲುವ ಹಳೆಯ ಕಾರುಗಳ ಒಡೆಯರಿಗೆ ಹೊಸದೊಂದು ಚಿಂತೆ ಆರಂಭವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದರೆ ಮುಗ್ಗಲು ವಾಸನೆ, ಕಾಲಿಟ್ಟರೆ ಮ್ಯಾಟಿನ ಕೆಳಗೆ ಪಚಪಚ ನೀರು. ಗ್ಯಾರೇಜಿಗೆ ಒಯ್ದರೆ ಬಹುತೇಕ ದೊರೆಯುವ ಚಿಕಿತ್ಸೆಯೆಂದರೆ ಮುಂಭಾಗದ ಗಾಜಿನ ಸುತ್ತ ಒಂದು ಟ್ಯೂಬು ಸಿಲಿಕೋನ್. ಮುಂದಿನ ಮಳೆಗೆ ನೀರು ಮತ್ತೆ ಅದೇ ಜಾಗದಲ್ಲಿ ಹಾಜರಾಗುತ್ತದೆ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದರ ಕಾರಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರು ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹಂಚೇ ಒಡೆದಿರುವುದು ಅಪರೂಪ. ಎಲ್ಲೋ ನುಸುಳಿದ ಹನಿ ರೀಪಿನ ಗುಂಟ ಹರಿದು ಇನ್ನೆಲ್ಲೋ ಬೀಳುತ್ತದೆ. ಕಾರಿನದೂ ಇದೇ ಕಥೆ. ಜೊತೆಗೆ ಇನ್ನೊಂದು ಸಂಗತಿಯನ್ನು ನಾವು ತಿಳಿದಿರಬೇಕು. ಕಾರಿನ ಕೆಲವು ಭಾಗಗಳೊಳಗೆ ನೀರು ಹೋಗುವುದು ದೋಷವಲ್ಲ, ಅದು ವಿನ್ಯಾಸದ ಅಂಗ. ಹೋದ ನೀರು ಹೊರಬೀಳಲು ದಾರಿಯನ್ನೂ ಇಟ್ಟಿರುತ್ತಾರೆ. ಆ ದಾರಿ ಕಟ್ಟಿಕೊಂಡಾಗ ಸೋರಿಕೆ ತೋರುತ್ತದೆ. ಆಗ ಮುಚ್ಚಬೇಕಾದುದಕ್ಕಿಂತ ತೆರೆಯಬೇಕಾದುದೇ ಹೆಚ್ಚು.

ಬಾನೆಟ್ಟಿಗೂ ಮುಂಭಾಗದ ಗಾಜಿಗೂ ನಡುವೆ, ವೈಪರುಗಳ ಬುಡದಲ್ಲಿ, ಜಾಲರಿಯಂಥ ಪಟ್ಟಿಯೊಂದಿದೆ. ಅದರ ಕೆಳಗೆ ಒಂದು ತೊಟ್ಟಿ. ಗಾಜಿನ ಮೇಲಿನ ನೀರೆಲ್ಲ ಅದಕ್ಕಿಳಿದು ತುದಿಯ ರಂಧ್ರಗಳಿಂದ ನೆಲಕ್ಕೆ ಹೋಗುತ್ತದೆ. ಒಳಗಿನ ಬ್ಲೋವರ್ ಹೊರಗಾಳಿಯನ್ನು ಎಳೆದುಕೊಳ್ಳುವ ಬಾಯಿಯೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ನಮ್ಮ ಊರಿನ ಗುಲ್‌ಮೊಹರ್ ಮತ್ತು ಮಳೆಮರಗಳು ಬೇಸಿಗೆಯುದ್ದಕ್ಕೂ ಎಸಳನ್ನೂ ಸಣ್ಣ ಎಲೆಗಳನ್ನೂ ಸುರಿಸುತ್ತವೆ. ನೋಡಲು ಬಲು ಸೊಗಸು. ಆದರೆ ಅವು ಆ ತೊಟ್ಟಿಯಲ್ಲಿ ಕೊಳೆತು ಗೊಬ್ಬರವಾಗಿ ರಂಧ್ರಗಳನ್ನು ಮುಚ್ಚುತ್ತವೆ. ಮೊದಲ ದೊಡ್ಡ ಮಳೆಗೆ ತೊಟ್ಟಿ ತುಂಬಿ, ನೀರು ಗಾಳಿಯ ಬಾಯಿಯಿಂದ ಮುಂದಿನ ಆಸನದ ಕಾಲ ಬಳಿ ಇಳಿಯುತ್ತದೆ. ಪಟ್ಟಿಯನ್ನು ಬಿಚ್ಚಿ ಕಸ ತೆಗೆದು, ರಂಧ್ರದಲ್ಲಿ ಮೆತುವಾದ ನೈಲಾನ್ ಎಳೆಯನ್ನು ಆಡಿಸಿದರೆ ಕೆಲಸ ಮುಗಿಯಿತು. ಖರ್ಚು ಶೂನ್ಯ.

ಬಾಗಿಲುಗಳೂ ಹಾಗೆಯೇ. ಗಾಜು ಇಳಿಯುವ ಸೀಳಿನಿಂದ ಒಂದಿಷ್ಟು ನೀರು ಬಾಗಿಲಿನ ಪೊಳ್ಳಿನೊಳಗೆ ಇಳಿದೇ ಇಳಿಯುತ್ತದೆ, ತಳದ ತೂತುಗಳಿಂದ ಹೊರಹೋಗುತ್ತದೆ. ಆ ನೀರು ಒಳಕ್ಕೆ ಬಾರದಂತೆ ಡೋರ್ ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಸ್ಪೀಕರ್ ಕೂರಿಸುವಾಗಲೋ ಗಾಜಿನ ಹಿಡಿಕೆ ರಿಪೇರಿ ಮಾಡುವಾಗಲೋ ಅದನ್ನು ಹರಿದು ಹಾಗೆಯೇ ಬಿಡುವ ಅಭ್ಯಾಸ ವ್ಯಾಪಕವಾಗಿದೆ. ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಅದರ ಕೆಳ ಅಂಚು ಬಾಗಿಲಿನ ಪೊಳ್ಳಿನೊಳಕ್ಕೆ ಬರುವಂತೆ ಅಂಟಿಸಬೇಕು.

ಹುಡುಕಾಟಕ್ಕೆ ಮೊದಲು ನೀರು ಯಾವಾಗ ಬರುತ್ತದೆಂಬುದನ್ನು ಗಮನಿಸೋಣ. ನಿಂತ ಕಾರಿಗೆ ರಾತ್ರಿ ಮಳೆಯಲ್ಲಿ ನೀರು ಬಂದರೆ ತೊಟ್ಟಿ, ಗಾಜು ಅಥವಾ ಛಾವಣಿಯ ಆಂಟೆನಾ ಬುಡವನ್ನು ಶಂಕಿಸಬೇಕು. ನೀರು ನಿಂತ ರಸ್ತೆಯಲ್ಲಿ ಓಡಿದಾಗ ಮಾತ್ರ ಬಂದರೆ ನೆಲದ ತಗಡಿನ ರಬ್ಬರ್ ಬಿರಡೆಯೊಂದು ಬಿದ್ದುಹೋಗಿರಬಹುದು. ಬಿಸಿಲಿನ ದಿನವೂ, ಎ.ಸಿ. ಹಾಕಿದಾಗ ಮಾತ್ರ ಕಾಲಡಿ ಒದ್ದೆಯಾದರೆ ಅದು ಮಳೆಯ ನೀರೇ ಅಲ್ಲ, ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿದೆ. ಒದ್ದೆ ಅಂಟಂಟಾಗಿ, ಸಿಹಿ ವಾಸನೆಯಿಂದ ಕೂಡಿದ್ದರೆ ಅದು ಹೀಟರಿನಿಂದ ಸೋರಿದ ಕೂಲೆಂಟ್. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ ಹತ್ತಿರದ ಲೋಣಾವಳದಲ್ಲಿ ಸುಮಾರು 4,000 ಮಿ.ಮೀ. ಆಗುತ್ತದೆ. ಆದ್ದರಿಂದ ಊರಿನಲ್ಲಿ ಒಣಗಿಯೇ ಇರುವ ಕಾರು ಘಾಟಿನಲ್ಲಿ ಸೋರಿದರೆ ಅಚ್ಚರಿಪಡಬೇಕಿಲ್ಲ.

ಪರೀಕ್ಷೆಗೆ ಇಬ್ಬರು ಬೇಕು. ಕಾರ್ಪೆಟ್ ಎತ್ತಿ ತಗಡನ್ನು ಒಣಗಿಸಿ ಹಳೆಯ ದಿನಪತ್ರಿಕೆಗಳನ್ನು ಹಾಸಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತರೆ ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಬಾಗಿಲಿನ ಕೆಳಭಾಗದಿಂದ ಆರಂಭಿಸಿ, ಒಂದೊಂದು ಜಾಗಕ್ಕೂ ಐದು ನಿಮಿಷ ಕೊಟ್ಟು ಮೇಲಕ್ಕೆ ಸಾಗಬೇಕು. ಛಾವಣಿಯಿಂದಲೇ ನೀರು ಸುರಿದರೆ ಎಲ್ಲ ಕಡೆಯೂ ತೊಯ್ದು ಏನೂ ತಿಳಿಯದು. ಜೋರಾಗಿ ಚಿಮ್ಮುವ ವಾಷಿಂಗ್ ಪಂಪು ಬೇಡ. ಅದು ಸರಿಯಿರುವ ರಬ್ಬರನ್ನೂ ದಾಟಿಸಿಬಿಡುತ್ತದೆ.

ಮಾರುತಿ 800, ಪ್ರೀಮಿಯರ್ ಪದ್ಮಿನಿಗಳಲ್ಲಿ ಮುಂಭಾಗದ ಗಾಜನ್ನು ರಬ್ಬರ್ ಬೀಡಿಂಗ್ ಹಿಡಿದಿರುತ್ತದೆ. ಅದು ಬಿರುಕುಬಿಟ್ಟಿದ್ದರೆ ಬೀಡಿಂಗನ್ನೇ ಬದಲಿಸುವುದು ಲೇಸು. ಅನಂತರದ ಬಹುತೇಕ ಕಾರುಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ; ಅದು ಬಿಟ್ಟಿದ್ದರೆ ಗಾಜಿನ ಕೆಲಸದವರೇ ತೆಗೆದು ಹೊಸದಾಗಿ ಅಂಟಿಸಬೇಕು. ವಿನೆಗರ್ ವಾಸನೆಯ ಸಿಲಿಕೋನನ್ನು ತಗಡಿನ ಬಳಿ ಬಳಸಬಾರದು. ಒಣಗುವಾಗ ಹೊಮ್ಮುವ ಆಮ್ಲ ತುಕ್ಕನ್ನು ಕರೆಯುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ನೀರು ನಿಂತಿದ್ದರೆ ಹಿಂದಿನ ದೀಪಗಳ ವಾಶರನ್ನು ನೋಡಬೇಕು. ನಮ್ಮ ಪಿಂಪ್ರಿಯಲ್ಲೇ ತಯಾರಾಗಿ 1998ರಲ್ಲಿ ಬಿಡುಗಡೆಯಾದ ಇಂಡಿಕಾದ ತಯಾರಿಕೆ 2018ರಲ್ಲಿ ನಿಂತಿತು, ಮಾರುತಿ 800ರದು 2014ರಲ್ಲಿ. ಇಂಥ ಕಾರುಗಳ ರಬ್ಬರ್ ಸಾಮಾನಿಗೆ ನಾನಾ ಪೇಠಿನ ಬಿಡಿಭಾಗಗಳ ಅಂಗಡಿಗಳನ್ನು ವಿಚಾರಿಸಬಹುದು.

ಇಷ್ಟು ಶ್ರಮ ಏಕೆಂದರೆ, ಕಾರ್ಪೆಟ್ಟಿನಡಿಯ ಫೋಮ್ ವಾರಗಟ್ಟಲೆ ನೀರನ್ನು ಹಿಡಿದಿಡುತ್ತದೆ. ಅದರ ತೇವದಿಂದ ಗಾಜುಗಳು ಒಳಗಿನಿಂದ ಮಂಜಾಗುತ್ತವೆ. ಮಳೆಯಲ್ಲಿ ಮಕ್ಕಳು, ಹಿರಿಯರೊಂದಿಗೆ ಬೆಳಗಾವಿ, ಧಾರವಾಡದ ಕಡೆ ಹೊರಟವರಿಗೆ ಖಂಬಾಟಕಿ ಘಾಟಿನಲ್ಲಿ ಇದು ಪ್ರಾಣಕ್ಕೇ ಎರವಾದೀತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ತಪಾಸಣೆಯೂ ಇದೆ. ತುಕ್ಕು ತಿಂದ ನೆಲದೊಂದಿಗೆ ಅಲ್ಲಿಗೆ ಹೋಗುವುದು ಜಾಣತನವಲ್ಲ. ಆದ್ದರಿಂದ ಫೋಮನ್ನು ಹೊರತೆಗೆದು, ಬಿಸಿಲಿಲ್ಲದಿದ್ದರೆ ಟೇಬಲ್ ಫ್ಯಾನಿನಡಿ ಎರಡು ಮೂರು ದಿನ ಒಣಗಿಸಬೇಕು. ಆಸನದ ಕೆಳಗಿನ ಹಳದಿ ತಂತಿಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಬಾರದು. ತಗಡಿನ ತುಕ್ಕನ್ನು ಉಜ್ಜಿ ಪ್ರೈಮರ್ ಬಳಿದು, ಪೈಪಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ದಿನಪತ್ರಿಕೆ ಒಣಗಿಯೇ ಉಳಿದರೆ ಕಾರ್ಪೆಟ್ಟನ್ನು ಮರಳಿ ಹಾಸಬಹುದು.